ಹೆಪ್ಪುಗಟ್ಟಿದ ನೆಲದ ಮೇಲೆ ಊರು ನಿಲ್ಲುವುದು ಹೇಗೆ?

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಉತ್ತರ ಅಲಾಸ್ಕದ ಬಗ್ಗೆ ಬಂದ ಪುಟದ ಚಿತ್ರಗಳು ಸೊಗಸಾಗಿದ್ದವು. ಬರಹದ ಬಗ್ಗೆ ಅದೇ ಮಾತು ಹೇಳಲಾಗದು. ಬ್ರೂಕ್ಸ್ ಪರ್ವತಸಾಲನ್ನು ಮನುಷ್ಯರ ಸುಳಿವಿಲ್ಲದ ಕಾಡು ಎಂದು ವರ್ಣಿಸಿದ ಲೇಖಕರು, ಮುಂದಿನ ಪ್ಯಾರಾದಲ್ಲೇ ಅಲ್ಲಿನ ಜನ ಇಗ್ಲೂಗಳಲ್ಲಿ ಬದುಕುತ್ತಾರೆ ಎಂದಿದ್ದಾರೆ. ಎರಡೂ ತಪ್ಪು. ಇದರ ಜತೆಗೆ, ಉತ್ತರದ ತೈಲಕ್ಷೇತ್ರದ ಕಡೆಗೆ ಹೋಗುವ ಡಾಲ್ಟನ್ ಹೆದ್ದಾರಿಯಲ್ಲಿ ‘ಯಾರು ಬೇಕಾದರೂ ಬಾಡಿಗೆ ಕಾರಿನಲ್ಲಿ ಉತ್ತರ ಸಮುದ್ರದ ದಡ ಮುಟ್ಟಬಹುದು’ ಎಂಬ ಸಲಹೆ ಬೇರೆ. ದಾವಣಗೆರೆಯಿಂದ ಅಮೆರಿಕಕ್ಕೆ ಓದಲು ಹೋದ ಹುಡುಗರು ಕಡಿಮೆಯಿಲ್ಲ. ಅವರಲ್ಲಿ ಯಾರಾದರೂ ಇದನ್ನು ನಂಬಿ ಹೊರಟರೆ ಎಂಬ ಆತಂಕದಿಂದ ಈ ಪತ್ರ, ಸ್ವಲ್ಪ ಉದ್ದವಾದರೂ.

ಮೊದಲು ಜನರ ವಿಷಯ. ಬ್ರೂಕ್ಸ್ ಸಾಲಿನ ನಡುಭಾಗದಲ್ಲಿ 1980ರ ಡಿಸೆಂಬರ್ 2ರಂದು ‘ಗೇಟ್ಸ್ ಆಫ್ ದಿ ಆರ್ಕ್ಟಿಕ್’ ರಾಷ್ಟ್ರೀಯ ಉದ್ಯಾನವಾಯಿತು. ವಿಸ್ತೀರ್ಣ ಸುಮಾರು 34,000 ಚದರ ಕಿ.ಮೀ., ಅಂದರೆ ನಮ್ಮ ಚಿತ್ರದುರ್ಗ ಜಿಲ್ಲೆಯ ನಾಲ್ಕು ಪಟ್ಟು. ಒಳಗೆ ರಸ್ತೆಯಿಲ್ಲ, ಇಲಾಖೆ ಕಡಿದ ಕಾಲುದಾರಿಯೂ ಇಲ್ಲ. ಆದರೆ ಅದರ ಗಡಿಯೊಳಗೇ ಆನಾಕ್ಟುವಕ್ ಪಾಸ್ ಎಂಬ ಊರಿದೆ. ನಾಲ್ಕು ನೂರರ ಆಸುಪಾಸಿನ ಜನ, ಹೆಚ್ಚಿನವರು ನುನಾಮಿಯುತ್ ಎಂಬ ಮೂಲನಿವಾಸಿ ಸಮುದಾಯದವರು, ಇನುಪಿಯಾತರ ಒಳನಾಡಿನ ಕವಲು. ಕರಾವಳಿಯ ಇನುಪಿಯಾತರಂತೆ ತಿಮಿಂಗಿಲ ನಂಬಿದವರಲ್ಲ, ಒಳನಾಡಿನಲ್ಲಿ ಕ್ಯಾರಿಬೂ ಜಿಂಕೆಯ ಹಿಂಡು ಹಾದುಹೋಗುವ ಕಣಿವೆಗಳನ್ನು ನಂಬಿದವರು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಹಿಂಡುಗಳು ಕುಸಿದಾಗ ಹಲವು ಕುಟುಂಬಗಳು ಸಮುದ್ರದ ಕಡೆಗೆ ಇಳಿದುಹೋದವು. 1930ರ ದಶಕದ ಕೊನೆಗೆ ಮತ್ತೆ ಬೆಟ್ಟ ಹತ್ತಿದವರು 1940ರ ದಶಕದ ಕೊನೆಯಲ್ಲಿ ಈ ಕಣಿವೆಯಲ್ಲಿ ನೆಲೆನಿಂತರು. 1951ರಲ್ಲಿ ಅಂಚೆ ಕಚೇರಿ, 1959ರಲ್ಲಿ ಪೌರಾಡಳಿತ. ‘ಸುಳಿವಿಲ್ಲದ’ ನಾಡಿಗೆ ಇಷ್ಟು ಸಾಕಲ್ಲವೇ?

ಅವರ ಹಳೆಯ ಮನೆಗಳೂ ಇಗ್ಲೂ ಅಲ್ಲ. ಚಳಿಗಾಲಕ್ಕೆ ವಿಲೋ ಗಿಡದ ಕೋಲುಗಳ ಹಂದರ ಕಟ್ಟಿ ಮೇಲೆ ಹುಲ್ಲುಬೇರಿನ ಮಣ್ಣುಹೆಂಟೆ, ಪಾಚಿ ಹೊದಿಸಿದ ಗೂಡು. ಸಂಚಾರದಲ್ಲಿ ಬಗ್ಗಿಸಿದ ಕೋಲುಗಳ ಮೇಲೆ ಕ್ಯಾರಿಬೂ ಚರ್ಮದ ಡೇರೆ. ಈಗಿನವು ಮರದ ಚೌಕಟ್ಟು, ಪ್ಲೈವುಡ್, ದಪ್ಪ ಇನ್ಸುಲೇಶನ್ ಇರುವ ಮನೆಗಳು. ಉದ್ಯಾನದಲ್ಲಿ ಬೇಟೆ ಸಂಪೂರ್ಣ ನಿಷಿದ್ಧ ಎಂದದ್ದೂ ಸರಿಯಲ್ಲ. ಹವ್ಯಾಸಿ ಬೇಟೆ ಉದ್ಯಾನದಲ್ಲಿ ನಿಷಿದ್ಧ. ಆದರೆ 1980ರ ಅದೇ ಕಾಯ್ದೆ ಆನಾಕ್ಟುವಕ್ ಪಾಸ್, ವೈಸ್‌ಮನ್, ಬೆಟಲ್ಸ್, ಆಂಬ್ಲರ್ ಮೊದಲಾದ ಊರುಗಳ ನಿವಾಸಿಗಳಿಗೆ ಹೊಟ್ಟೆಪಾಡಿನ ಬೇಟೆ, ಮೀನುಗಾರಿಕೆಯನ್ನು ಉಳಿಸಿಕೊಟ್ಟಿದೆ. ಬೇಸಿಗೆಯಲ್ಲಿ ಮಾಂಸ ಹೊತ್ತು ತರುವ ಎಂಟು ಚಕ್ರದ ಆರ್ಗೋ ಗಾಡಿಗಳು ಎಲ್ಲಿ ಓಡಬಹುದು ಎಂಬ ತಗಾದೆ ಬಹಳ ವರ್ಷ ನಡೆದು, 1996ರ ಕಾಯ್ದೆಯಲ್ಲಿ ಭೂಮಿ ಅದಲು-ಬದಲಾಗಿ ಇತ್ಯರ್ಥವಾಯಿತು. ಮನುಷ್ಯರಿಲ್ಲದ ಕಾಡಿನಲ್ಲಿ ಇಂಥ ತಗಾದೆ ಹುಟ್ಟುವುದಿಲ್ಲ.

ಲೇಖನದಲ್ಲಿ ಒಂದು ಸಾಲೂ ಇಲ್ಲದ, ಆದರೆ ಅಲ್ಲಿನ ಬದುಕನ್ನೆಲ್ಲ ಆಳುವ ಸಂಗತಿಯೆಂದರೆ ನೆಲ. ಉತ್ತರ ತೀರದ ಪ್ರುಡೋ ಕೊಲ್ಲಿಯ ಬಳಿ ನೆಲ 600 ಮೀಟರ್ ಆಳದವರೆಗೂ ಹೆಪ್ಪುಗಟ್ಟಿದೆ. ಇದನ್ನೇ ಪರ್ಮಾಫ್ರಾಸ್ಟ್ ಎನ್ನುವುದು. ಬೇಸಿಗೆಯಲ್ಲಿ ಮೇಲಿನ ಒಂದೆರಡು ಮೊಳ ಕರಗಿ ಜವುಗಾಗುತ್ತದೆ, ಚಳಿಗಾಲಕ್ಕೆ ಮತ್ತೆ ಗಟ್ಟಿಯಾಗುತ್ತದೆ. ಕೆಳಗಿನದು ಕರಗದಿದ್ದರೆ ಭಾರ ಹೊರುವುದರಲ್ಲಿ ಅದಕ್ಕೆ ಯಾವ ಕೊರತೆಯೂ ಇಲ್ಲ. ತೊಂದರೆ ಇರುವುದು ಮಣ್ಣಿನೊಳಗೆ ಬೆಣೆಗಳಾಗಿ, ಪದರಗಳಾಗಿ ಸೇರಿಕೊಂಡ ಮಂಜುಗಡ್ಡೆಯಲ್ಲಿ. ಅದು ಕರಗಿದರೆ ನೀರು ಹರಿದುಹೋಗಿ ಅಷ್ಟು ಜಾಗ ಖಾಲಿಯಾಗುತ್ತದೆ, ಮೇಲಿನದು ಕುಸಿಯುತ್ತದೆ. ಒಳಗೆ 20 ಡಿಗ್ರಿ ಬೆಚ್ಚಗಿಟ್ಟ ಮನೆಯನ್ನು ನೇರವಾಗಿ ನೆಲದ ಮೇಲೆ ಕೂರಿಸಿದರೆ ಮೊದಲು ನಡುಮನೆಯ ಕೆಳಗೆ ನೆಲ ಕರಗುತ್ತದೆ, ಅಂಚುಗಳು ತಣ್ಣಗೆ ಗಟ್ಟಿಯಾಗಿಯೇ ಉಳಿಯುತ್ತವೆ. ನಡು ಇಳಿಯುತ್ತದೆ, ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ, ಗೋಡೆಯ ಮೂಲೆಯಲ್ಲಿ ಓರೆ ಬಿರುಕು ಬಿಡುತ್ತದೆ.

ದಾವಣಗೆರೆ, ಹಿರಿಯೂರು ಕಡೆಯ ಎರೆನೆಲದಲ್ಲಿ ಮನೆ ಕಟ್ಟಿದವರಿಗೆ ಈ ಓರೆ ಬಿರುಕು ಪರಿಚಿತ. ಇಲ್ಲಿ ಮಳೆಗೆ ಉಬ್ಬಿ ಬೇಸಿಗೆಗೆ ಬಾಯ್ಬಿಡುವ ಮಣ್ಣು, ಅಲ್ಲಿ ಚಳಿಗೆ ಉಬ್ಬಿ ಬೇಸಿಗೆಗೆ ಕುಸಿಯುವ ಮಣ್ಣು. ಪರಿಹಾರದ ತರ್ಕವೂ ಒಂದೇ: ವರ್ಷವರ್ಷ ಬದಲಾಗುವ ಪದರವನ್ನು ದಾಟಿ, ಕೆಳಗಿನ ಅಲುಗಾಡದ ಪದರಕ್ಕೆ ಭಾರ ಇಳಿಸಬೇಕು. ಇಲ್ಲಿ ಅದಕ್ಕಾಗಿ ಮೂರೂವರೆ ಮೀಟರ್ ಆಳದ, ಬುಡ ಅಗಲಿಸಿದ ಪೈಲ್, ಅಂದರೆ ನೆಲದೊಳಗಿನ ಆಧಾರಕಂಬ, ಹಾಕುತ್ತೇವೆ. ವ್ಯತ್ಯಾಸವೆಂದರೆ ಎರೆನೆಲದ ಶತ್ರು ನೀರು, ಅಲ್ಲಿನ ಶತ್ರು ಮನೆಯದೇ ಬಿಸಿ.

ಆದ್ದರಿಂದ ಅಲ್ಲಿನ ಕಟ್ಟೋಣದ ಕ್ರಮ ನಮಗೆ ಉಲ್ಟಾ ಕಾಣುತ್ತದೆ. ನಾವು ಪಾಯಕ್ಕೆ ಮೊದಲು ಮೇಲ್ಮಣ್ಣು ಕೆರೆದು ತೆಗೆಯುತ್ತೇವೆ. ಅಲ್ಲಿ ಪಾಚಿಯ ಹಾಸನ್ನು ಮುಟ್ಟುವಂತಿಲ್ಲ, ಏಕೆಂದರೆ ಬೇಸಿಗೆಯ ಬಿಸಿಲನ್ನು ತಡೆಯುವ ಹೊದಿಕೆಯೇ ಅದು. ಚಳಿಗಾಲದಲ್ಲಿ ಅದರ ಮೇಲೆಯೇ ಒಂದೂವರೆ ಮೀಟರ್ ಅಥವಾ ಇನ್ನೂ ದಪ್ಪಕ್ಕೆ ಗರಸು ಹರಡುತ್ತಾರೆ. ಪೈಲ್ ಆದರೆ, ನೆಲ ಅತಿ ತಣ್ಣಗಿರುವ ಚಳಿಗಾಲದ ಕೊನೆಯಲ್ಲಿ ಪೈಲಿಗಿಂತ ತುಸು ಅಗಲದ ಕುಳಿ ಕೊರೆದು, ಉಕ್ಕಿನ ಕೊಳವೆಯನ್ನೋ ಮರದ ದಿಮ್ಮಿಯನ್ನೋ ಇಳಿಸಿ, ಸುತ್ತಲಿನ ಸಂದಿಗೆ ಮರಳು-ನೀರಿನ ಗಂಜಿ ಸುರಿದು ಗಾಳಿಗುಳ್ಳೆ ಉಳಿಯದಂತೆ ಕುಟ್ಟುತ್ತಾರೆ. ಆ ಗಂಜಿ ಹೆಪ್ಪುಗಟ್ಟಿ ಪೈಲನ್ನು ಸುತ್ತಲಿನ ನೆಲಕ್ಕೆ ಬೆಸೆಯಬೇಕು. ಅಲ್ಲಿಯವರೆಗೆ ವಾರಗಟ್ಟಲೆ ಕಾಯಬೇಕು, ಭಾರ ಹೇರುವಂತಿಲ್ಲ. ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ: ಗಂಜಿಯನ್ನು ಬೆಚ್ಚಗೆ ಸುರಿದರೆ ಕುಳಿಯ ಗೋಡೆ ಕರಗುತ್ತದೆ, ಬೇಸಿಗೆಯ ಕೊನೆಯಲ್ಲಿ ಕೊರೆದರೆ ನೆಲವೇ ಬೆಚ್ಚಗಿದ್ದು ಬೆಸುಗೆ ತಿಂಗಳಾದರೂ ಕೂಡುವುದಿಲ್ಲ, ಗುತ್ತಿಗೆದಾರ ಅವಸರದಲ್ಲಿ ತೊಲೆ ಏರಿಸಿದರೆ ಪೈಲ್ ಮೆಲ್ಲಗೆ ಇಳಿಯತೊಡಗುತ್ತದೆ.

ಇದಕ್ಕೆ ವಿರುದ್ಧದ ಕಾಟವೂ ಉಂಟು. ಚಳಿಗಾಲದ ಆರಂಭದಲ್ಲಿ ಮೇಲಿನ ಪದರ ಗಟ್ಟಿಯಾಗುತ್ತಾ ಪೈಲನ್ನು ಹಿಡಿದು ಮೇಲಕ್ಕೆಳೆಯುತ್ತದೆ. ಕೆಳಗಿನ ಹಿಡಿತ ಅದಕ್ಕಿಂತ ಬಲವಾಗಿಲ್ಲದಿದ್ದರೆ ಪ್ರತಿವರ್ಷ ಒಂದಿಷ್ಟು ಮೇಲೇರುವ ಪೈಲ್ ಹತ್ತು ವರ್ಷದಲ್ಲಿ ಸೇತುವೆಯನ್ನೇ ಗೂನು ಮಾಡಬಲ್ಲದು. ಹಾಗಾಗಿ ಕರಗುವ ಪದರದ ಆಳದ ಎರಡು-ಮೂರು ಪಟ್ಟಾದರೂ ಕೆಳಗಿನ ಗಟ್ಟಿ ನೆಲದಲ್ಲಿ ಹೂತಿರಬೇಕು, ಮೇಲಿನ ಭಾಗಕ್ಕೆ ಗ್ರೀಸು ಬಳಿದು ಪ್ಲಾಸ್ಟಿಕ್ ಹೊದಿಸಿ ಜಾರುವಂತೆ ಮಾಡಬೇಕು.

ಇನ್ನು ಮನೆಯ ಅಡಿ. ನೆಲಕ್ಕೂ ಮನೆಯ ತಳಕ್ಕೂ ನಡುವೆ ಸುಮಾರು ಒಂದು ಮೀಟರ್ ಸಂದು ಬಿಡುತ್ತಾರೆ. ಚಳಿಗಾಲದ ಗಾಳಿ ಅದರೊಳಗೆ ಬೀಸಿ ನೆಲವನ್ನು ತಣ್ಣಗಿಡಬೇಕು. ವಾಸಕ್ಕೆ ಬಂದವರು ಗಾಳಿ ಕೊರೆಯುತ್ತದೆಂದು ಸುತ್ತ ಹಲಗೆ ಹೊಡೆದರೆ ಅಥವಾ ಮನೆಯಡಿಯ ಸಂದಿಯಲ್ಲಿ ಸಾಮಾನು ತುಂಬಿದರೆ ಎಂಜಿನಿಯರನ ಲೆಕ್ಕ ಅಲ್ಲಿಗೆ ಮುಗಿಯಿತು. ಹಿಮ ಗುಡ್ಡೆಯಾಗಿ ಸಂದು ಮುಚ್ಚಿದರೂ ಅದೇ ಕಥೆ. ಹಿಮ ತಣ್ಣಗಿದ್ದರೂ ಕಂಬಳಿಯ ಕೆಲಸ ಮಾಡುತ್ತದೆ, ಚಳಿ ನೆಲಕ್ಕೆ ಇಳಿಯಗೊಡುವುದಿಲ್ಲ. ಬಚ್ಚಲ ನೀರಿನ ಪೈಪು ಅಡಿಯಲ್ಲಿ ಸೋರಿದರಂತೂ ಒಂದೇ ಬೇಸಿಗೆಗೆ ಮನೆ ವಾಲುತ್ತದೆ. ನೀರಿನ ಕೊಳವೆಗಳನ್ನೂ ನಮ್ಮಂತೆ ಹೂಳುವಂತಿಲ್ಲ. ಇನ್ಸುಲೇಶನ್ ಸುತ್ತಿ, ನೀರು ನಿಲ್ಲದೆ ಸುತ್ತುತ್ತಲೇ ಇರುವಂತೆ ಪಂಪು ಹಾಕಬೇಕು. ಪಂಪು ಕೆಲವು ಗಂಟೆ ನಿಂತರೆ ಸಾಕು, ಸಾಲು ಹೆಪ್ಪುಗಟ್ಟಿ ಒಡೆಯುತ್ತದೆ. ಬೀದಿಯ ಕೆಳಗೆ ಪೆಟ್ಟಿಗೆಯಂಥ ಸುರಂಗ ಕಟ್ಟಿ ನೀರು, ಒಳಚರಂಡಿ, ವಿದ್ಯುತ್ ಎಲ್ಲವನ್ನೂ ಒಟ್ಟಿಗೆ ಸಾಗಿಸುವ ಏರ್ಪಾಡು, ಹಿಂದೆ ಬ್ಯಾರೊ ಎಂದು ಕರೆಯುತ್ತಿದ್ದ ಉತ್‌ಕಿಯಾಗ್ವಿಕ್‌ನಲ್ಲಿದೆ. ಅಷ್ಟು ಹಣವಿಲ್ಲದ ಹಳ್ಳಿಗಳಲ್ಲಿ ಇಂದಿಗೂ ಮಲವನ್ನು ಬಕೆಟ್ಟಿನಲ್ಲಿ ಹೊತ್ತು ಸುರಿಯುತ್ತಾರೆ, ಜಗತ್ತಿನ ಸಿರಿವಂತ ದೇಶವೊಂದರಲ್ಲಿ.

ಪಾಚಿ ಕೆರೆದರೆ ಏನಾಗುತ್ತದೆ ಎಂಬುದಕ್ಕೆ ಆನಾಕ್ಟುವಕ್ ಕಣಿವೆಯಲ್ಲೇ ಸಾಕ್ಷಿಯಿದೆ. 1968ರಲ್ಲಿ ಪ್ರುಡೋ ಕೊಲ್ಲಿಯಲ್ಲಿ ತೈಲ ಸಿಕ್ಕಿದ ಕೂಡಲೇ ಆಗಿನ ಗವರ್ನರ್ ವಾಲ್ಟರ್ ಹಿಕೆಲ್ ಅವರ ಸರ್ಕಾರ ಆ ಚಳಿಗಾಲದಲ್ಲೇ ಬುಲ್ಡೋಜರ್ ನುಗ್ಗಿಸಿ ಉತ್ತರಕ್ಕೆ ದಾರಿ ಮಾಡಿಸಿತು. ಪಾಚಿ, ಮೇಲ್ಮಣ್ಣು ಎರಡನ್ನೂ ಬದಿಗೆ ತಳ್ಳಿದ್ದೇ ತಪ್ಪು. ಲಾರಿಗಳು ಓಡಿದ್ದು ಕೆಲವೇ ವಾರ. ಬೇಸಿಗೆ ಬಂದಾಗ ಬರಿಮೈ ನೆಲ ಕರಗಿ ರಸ್ತೆ ಕಾಲುವೆಯಾಯಿತು. ಆ ಗಾಯ ದಶಕಗಳ ನಂತರವೂ ವಿಮಾನದಿಂದ ಕಾಣುತ್ತಿತ್ತು. ಈಗ ಉತ್ತರದ ಬಯಲಿನಲ್ಲಿ ಚಳಿಗಾಲದ ಭಾರಿ ವಾಹನಗಳಿಗೆ ಅನುಮತಿ ಸಿಗಬೇಕಾದರೆ ಕರಾವಳಿ ಭಾಗದಲ್ಲಿ 15 ಸೆಂ.ಮೀ. ಹಿಮ ಬಿದ್ದಿರಬೇಕು, 30 ಸೆಂ.ಮೀ. ಆಳದಲ್ಲಿ ಮಣ್ಣು ಮೈನಸ್ 5 ಡಿಗ್ರಿ ಮುಟ್ಟಿರಬೇಕು.

ಪ್ರುಡೋ ಕೊಲ್ಲಿಯಿಂದ ದಕ್ಷಿಣದ ವಾಲ್ಡೀಸ್ ಬಂದರಿಗೆ ತೈಲ ಒಯ್ಯುವ ಕೊಳವೆ ‘ಪೂರ್ತಿ ನೆಲದಡಿಯಲ್ಲಿ’ ಹೋಗುತ್ತದೆ ಎಂದು ಲೇಖನ ಹೇಳಿದ್ದಂತೂ ಎಂಜಿನಿಯರುಗಳಿಗೆ ನಗು ತರಿಸುತ್ತದೆ. 1,287 ಕಿ.ಮೀ. ಉದ್ದ, 1.22 ಮೀಟರ್ ವ್ಯಾಸದ ಈ ಕೊಳವೆಯ ಅರ್ಧಕ್ಕಿಂತ ಹೆಚ್ಚು ಭಾಗ, ಸುಮಾರು 675 ಕಿ.ಮೀ., ನೆಲದ ಮೇಲೆ 78,000 ಉಕ್ಕಿನ ಕಾಲುಗಳ ಮೇಲಿದೆ. ಭೂಗರ್ಭದಿಂದ ಬಿಸಿಯಾಗಿ ಬರುವ ಎಣ್ಣೆಯನ್ನು ಹೆಪ್ಪುನೆಲದಲ್ಲಿ ಹೂತಿದ್ದರೆ ನೆಲ ಕರಗಿ ಕೊಳವೆ ಜೋಲುತ್ತಿತ್ತು. ಹೂತಿರುವುದು ಬಂಡೆ, ಒಣಗರಸು ಇರುವ ಕಡೆ. ಹೆಚ್ಚಿನ ಕಾಲುಗಳೊಳಗೆ ಎರಡೆರಡು ಶಾಖನಳಿಕೆಗಳಿವೆ, ಒಟ್ಟು 1,24,000. ಮುಚ್ಚಿದ ನಳಿಕೆಯೊಳಗೆ ಅಮೋನಿಯ. ಚಳಿಗಾಲದಲ್ಲಿ ನೆಲ ಗಾಳಿಗಿಂತ ಬೆಚ್ಚಗಿರುತ್ತದೆ, ಕೆಳಗಿನ ಅಮೋನಿಯ ಆವಿಯಾಗಿ ಮೇಲೇರಿ, ತುದಿಯ ಅಲ್ಯೂಮಿನಿಯಂ ರೆಕ್ಕೆಗಳಲ್ಲಿ ಶಾಖ ಬಿಟ್ಟು ದ್ರವವಾಗಿ ಮತ್ತೆ ಇಳಿಯುತ್ತದೆ. ಪಂಪು ಬೇಡ, ಕರೆಂಟು ಬೇಡ. ಬೇಸಿಗೆಯಲ್ಲಿ ಮೇಲ್ಗಡೆ ಬಿಸಿ, ಕೆಳಗೆ ತಂಪು. ಆಗ ತಾನಾಗಿ ನಿಂತುಬಿಡುತ್ತದೆ, ಬಿಸಿಯನ್ನು ಕೆಳಗೆ ಒಯ್ಯುವುದಿಲ್ಲ. ಕೊಳವೆ ಅಂಕುಡೊಂಕಾಗಿರುವುದು ಅಂದಕ್ಕಲ್ಲ, ಹಿಗ್ಗಿ ಕುಗ್ಗಲು. 2002ರ ನವೆಂಬರ್‌ನಲ್ಲಿ ಕೊಳವೆ ಹಾದುಹೋಗುವ ಡೆನಾಲಿ ಎಂಬ ಭೂಬಿರುಕಿನಲ್ಲಿ 7.9 ತೀವ್ರತೆಯ ಭೂಕಂಪವಾದಾಗ ಅಲ್ಲಿ ಜಾರುಹಳಿಗಳ ಮೇಲಿಟ್ಟಿದ್ದ ಕೊಳವೆ ಪಕ್ಕಕ್ಕೆ ಸರಿಯಿತೇ ಹೊರತು ಒಡೆಯಲಿಲ್ಲ. ಇಂದಿನ ತಲೆನೋವು ಬೇರೆ. 1988ರಲ್ಲಿ ದಿನಕ್ಕೆ 20 ಲಕ್ಷ ಬ್ಯಾರೆಲ್ ಹರಿಯುತ್ತಿದ್ದ ಕಡೆ ಈಗ 5 ಲಕ್ಷಕ್ಕೂ ಕಡಿಮೆ. ನಿಧಾನ ಹರಿದರೆ ಎಣ್ಣೆ ದಾರಿಯಲ್ಲೇ ತಣಿದು ಮೇಣ ಕಟ್ಟುತ್ತದೆ.

ಈಗ ರಸ್ತೆ. ಈ ಕೊಳವೆಗಾಗಿಯೇ 1974ರಲ್ಲಿ ಐದು ತಿಂಗಳಲ್ಲಿ ಕಟ್ಟಿದ ಡಾಲ್ಟನ್ ಹೆದ್ದಾರಿ 666 ಕಿ.ಮೀ. ಉದ್ದವಿದೆ, ಬಹುಪಾಲು ಗರಸಿನದು. ಹೋಗಬಯಸುವವರು ಇಷ್ಟು ತಿಳಿದಿರಲಿ. ನಡುದಾರಿಯ ಕೋಲ್ಡ್‌ಫುಟ್ ತಂಗುದಾಣ ಬಿಟ್ಟರೆ ರಸ್ತೆ ಮುಗಿಯುವ ಡೆಡ್‌ಹಾರ್ಸ್‌ವರೆಗೆ 386 ಕಿ.ಮೀ. ಪೆಟ್ರೋಲ್ ಇಲ್ಲ. ಫೇರ್‌ಬ್ಯಾಂಕ್ಸ್ ದಾಟಿದ ಮೇಲೆ ದಾರಿಯಲ್ಲಿ ಆಸ್ಪತ್ರೆ ಇಲ್ಲ, ಬಹುತೇಕ ಕಡೆ ಮೊಬೈಲ್ ಸಿಗ್ನಲ್ಲೂ ಇಲ್ಲ. ಸಾಮಾನ್ಯ ಬಾಡಿಗೆ ಕಾರಿನ ಕರಾರುಗಳು ಈ ರಸ್ತೆಯನ್ನು ಹೆಸರಿಸಿ ನಿಷೇಧಿಸಿರುತ್ತವೆ. ಜಲ್ಲಿ ರಸ್ತೆಗೆಂದೇ ಕೊಡುವ ಬಾಡಿಗೆ ವಾಹನ ಬೇರೆ ಸಿಗುತ್ತದೆ. ರಿಮ್ಮಿನ ಸಮೇತ ಎರಡು ಸ್ಟೆಪ್ನಿ, ಲಾರಿ ಚಾಲಕರು ಮಾತಾಡುವ ಸಿ.ಬಿ. ರೇಡಿಯೊದ 19ನೇ ಚಾನೆಲ್ ಬೇಕೇ ಬೇಕು. ಧೂಳು ಅಡಗಿಸಲು ಹಾಕುವ ಕ್ಯಾಲ್ಸಿಯಂ ಕ್ಲೋರೈಡ್ ಮಳೆ ಬಂದರೆ ಜಾರುಗೆಸರಾಗುತ್ತದೆ. ಎದುರಿನ ಲಾರಿ ಹಾರಿಸುವ ಜಲ್ಲಿಗೆ ಮುಂದಿನ ಗಾಜು ಹೋಗುವುದು ಮಾಮೂಲಿ, ವೇಗ ತಗ್ಗಿಸಿ ಬದಿಗೆ ಸರಿಯಬೇಕು. ಅಟಿಗುನ್ ಘಾಟಿ 1,444 ಮೀಟರ್ ಎತ್ತರದಲ್ಲಿದೆ. ಇಷ್ಟೆಲ್ಲ ದಾಟಿ ಡೆಡ್‌ಹಾರ್ಸ್ ತಲುಪಿದರೂ ಸಮುದ್ರ ಸಿಗುವುದಿಲ್ಲ. ಸಾರ್ವಜನಿಕ ರಸ್ತೆ ಸುಮಾರು 13 ಕಿ.ಮೀ. ಮೊದಲೇ ಮುಗಿಯುತ್ತದೆ; ಮುಂದಿನದು ತೈಲಕ್ಷೇತ್ರ, ಕನಿಷ್ಠ 24 ಗಂಟೆ ಮುಂಚೆ ಹೆಸರು ಕೊಟ್ಟು ಅಧಿಕೃತ ವ್ಯಾನಿನಲ್ಲಷ್ಟೇ ಹೋಗಬೇಕು.

ಚಳಿಗಾಲದ ಪ್ರಯಾಣಕ್ಕೆ ನಮ್ಮ ಸಲಹೆ ಒಂದೇ: ಬೇಡ. ಇದೇ ದಾರಿಯ ಪ್ರಾಸ್ಪೆಕ್ಟ್ ಕ್ರೀಕ್‌ನಲ್ಲಿ 1971ರ ಜನವರಿ 23ರಂದು ಮೈನಸ್ 62.2 ಡಿಗ್ರಿ ದಾಖಲಾಗಿದೆ, ಅಮೆರಿಕದ ದಾಖಲೆ ಅದು. ಅಷ್ಟು ದೂರ ಬೇಡ, ಮೈನಸ್ 40ಕ್ಕೇ ಸಾಮಾನ್ಯ ಡೀಸೆಲ್ ಮೇಣವಾಗಿ ಫಿಲ್ಟರ್ ಕಟ್ಟುತ್ತದೆ, ಬ್ಯಾಟರಿ ಬಹುಪಾಲು ಶಕ್ತಿ ಕಳೆದುಕೊಳ್ಳುತ್ತದೆ, ರಬ್ಬರ್ ಸೀಲು ಗಡುಸಾಗಿ ಸೀಳುತ್ತದೆ. ಪ್ರೊಪೇನ್ ಕುದಿಯುವುದೇ ಮೈನಸ್ 42ರಲ್ಲಿ. ಆ ಚಳಿಗೆ ಸಿಲಿಂಡರ್ ತುಂಬಿದ್ದರೂ ಒಲೆ ಹತ್ತುವುದಿಲ್ಲ. ಅಲ್ಲಿನವರು ರಾತ್ರಿ ಎಂಜಿನ್ನಿಗೆ ವಿದ್ಯುತ್ ಹೀಟರ್ ಚುಚ್ಚಿಟ್ಟಿರುತ್ತಾರೆ ಅಥವಾ ಎಂಜಿನ್ ಆರಿಸುವುದೇ ಇಲ್ಲ.

ಇಂಗಳಧಾಳದ ತಾಮ್ರದ ಗಣಿ ನೋಡಿದ ಚಿತ್ರದುರ್ಗದವರಿಗೆ ವೈಸ್‌ಮನ್ ಸುತ್ತಲಿನ ಹಳೆಯ ಚಿನ್ನದ ಗಣಿಗಾರಿಕೆ ಕುತೂಹಲ ತರಬಹುದು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಕೊಯುಕುಕ್ ನದಿಯ ಮೇಲ್ಭಾಗಕ್ಕೆ ಬಂದವರು ನೋಲನ್, ಹ್ಯಾಮಂಡ್ ಹೊಳೆಗಳ ಆಳದ ಜಲ್ಲಿಯಲ್ಲಿ ಚಿನ್ನ ಹುಡುಕಿದರು. ಅಗೆತ ನಡೆದದ್ದು ಚಳಿಗಾಲದಲ್ಲಿ. ಹೆಪ್ಪುಗಟ್ಟಿದ ಜಲ್ಲಿಗೆ ಮೊದಮೊದಲು ಸೌದೆ ಬೆಂಕಿ, ಆಮೇಲೆ ಬಾಯ್ಲರಿನ ಉಗಿಯನ್ನು ಟೊಳ್ಳು ಉಕ್ಕಿನ ಸಲಾಕೆಗಳ ಮೂಲಕ ಹಾಯಿಸಿ ಗಂಟೆಗಟ್ಟಲೆ ಕರಗಿಸಿ, ಅಷ್ಟನ್ನು ತೋಡಿ, ರಾಟೆಯಲ್ಲಿ ಮೇಲೆತ್ತಿ ಗುಡ್ಡೆ ಹಾಕುತ್ತಿದ್ದರು. ಸುರಂಗದ ಸೂರಿಗೆ ಮರದ ಆಸರೆ ಹೆಚ್ಚು ಬೇಕಿರಲಿಲ್ಲ, ಹೆಪ್ಪುಗಟ್ಟಿದ ಜಲ್ಲಿ ತಾನೇ ನಿಲ್ಲುತ್ತಿತ್ತು. ಉಗಿ ಸ್ವಲ್ಪ ಹೆಚ್ಚು ಹೊತ್ತು ಬಿಟ್ಟರೆ ಅದೇ ಸೂರು ತಲೆಯ ಮೇಲೆ. ಹಿಮ ಕರಗಿ ಹೊಳೆ ಹರಿದ ಮೇಲೆ ಗುಡ್ಡೆಯನ್ನು ನೀರು ಹರಿಯುವ ಮರದ ಕಾಲುವೆಗಳಲ್ಲಿ ತೊಳೆದು ಚಿನ್ನ ಬೇರ್ಪಡಿಸುವುದು. ವರ್ಷವಿಡೀ ದುಡಿದದ್ದು ಲಾಭವೋ ನಷ್ಟವೋ ಜೂನ್‌ವರೆಗೆ ಗೊತ್ತಾಗುತ್ತಿರಲಿಲ್ಲ.

ಈಗ ಆ ನೆಲವೇ ಬೆಚ್ಚಗಾಗುತ್ತಿದೆ. ಡಾಲ್ಟನ್ ಹೆದ್ದಾರಿಯ ಪಕ್ಕದ ಬೆಟ್ಟದಿಂದ ಹೆಪ್ಪುಗಟ್ಟಿದ ಮಣ್ಣು-ಕಲ್ಲಿನ ರಾಶಿಗಳು ನಿಧಾನಕ್ಕೆ ಜಾರಿಬರುತ್ತಿದ್ದು, ಅಂಥದ್ದೊಂದರಿಂದ ತಪ್ಪಿಸಿಕೊಳ್ಳಲು 2018ರಲ್ಲಿ ರಸ್ತೆಯನ್ನೇ ಸರಿಸಿ ಕಟ್ಟಬೇಕಾಯಿತು. ರಷ್ಯಾದ ನೊರಿಲ್ಸ್ಕ್‌ನಲ್ಲಿ 2020ರ ಮೇ 29ರಂದು ಡೀಸೆಲ್ ಟ್ಯಾಂಕಿನ ಆಧಾರ ಕುಸಿದು 20,000 ಟನ್ನಿಗೂ ಹೆಚ್ಚು ಎಣ್ಣೆ ನೆಲಕ್ಕೂ ನದಿಗೂ ಹರಿಯಿತು. ನೈಋತ್ಯ ಅಲಾಸ್ಕದ ನ್ಯೂಟಾಕ್ ಹಳ್ಳಿಯ ದಡ ಕರಗಿ ಕೊಚ್ಚಿಹೋಗಿ, ಜನ 2019ರಿಂದ ಮೆರ್ಟಾರ್ವಿಕ್‌ಗೆ ಸ್ಥಳಾಂತರಗೊಂಡರು. ಇಂಥ ಹೊತ್ತಿನಲ್ಲಿ ಬ್ರೂಕ್ಸ್ ಸಾಲಿನ ದಕ್ಷಿಣ ತಪ್ಪಲಿನಲ್ಲಿ ತಾಮ್ರಕ್ಕಾಗಿ 340 ಕಿ.ಮೀ. ಉದ್ದದ ಆಂಬ್ಲರ್ ರಸ್ತೆ ಮಾಡುವ ಯೋಜನೆ 2020ರಲ್ಲಿ ಒಪ್ಪಿಗೆ ಪಡೆದು, 2024ರಲ್ಲಿ ತಿರಸ್ಕೃತವಾಗಿ, 2025ರಲ್ಲಿ ಮತ್ತೆ ಹಸಿರು ನಿಶಾನೆ ಪಡೆದಿದೆ. ಪರ-ವಿರೋಧ ಏನೇ ಇರಲಿ, ಇದನ್ನು ‘ಖಾಲಿ ಕಾಡಿನಲ್ಲಿ ರಸ್ತೆ’ ಎಂದು ಬರೆಯುವುದು ಅನ್ಯಾಯ. ಅದು ಹಾದುಹೋಗುವುದು ಕ್ಯಾರಿಬೂ ನಂಬಿದ ಹಳ್ಳಿಗಳ ಬೇಟೆನೆಲದಲ್ಲಿ. ಪಶ್ಚಿಮ ಆರ್ಕ್ಟಿಕ್ ಹಿಂಡು 2003ರಲ್ಲಿ 4,90,000 ಇದ್ದದ್ದು 2023ರ ಎಣಿಕೆಯಲ್ಲಿ 1,52,000ಕ್ಕೆ ಇಳಿದಿದೆ.

ಕೊನೆಯದಾಗಿ ಪುಟದ ನಕ್ಷೆ. ತೈಲ ಕೊಳವೆ ಕೊನೆಗೊಳ್ಳುವ ವಾಲ್ಡೀಸ್ ಬಂದರನ್ನು ಉತ್ತರ ತೀರದಲ್ಲಿ ತೋರಿಸಿದ್ದೀರಿ. ಅದು ದಕ್ಷಿಣದಲ್ಲಿದೆ, ಪ್ರಿನ್ಸ್ ವಿಲಿಯಂ ಸೌಂಡ್‌ನ ದಡದಲ್ಲಿ; ಉತ್ತರದಲ್ಲಿರುವುದು ಪ್ರುಡೋ ಕೊಲ್ಲಿ. ಪುರವಣಿಯ ನಕ್ಷೆಗಳನ್ನು ಶಾಲೆಗಳಲ್ಲಿ ಕತ್ತರಿಸಿ ಗೋಡೆಗೆ ಅಂಟಿಸುವ ರೂಢಿ ಈ ಭಾಗದಲ್ಲಿದೆ. ದಯವಿಟ್ಟು ನಕ್ಷೆಯನ್ನು ತಿದ್ದಿ, ಡಾಲ್ಟನ್ ಹೆದ್ದಾರಿಯ ಪೆಟ್ರೋಲ್ ಮತ್ತು ಬಾಡಿಗೆ ಕಾರಿನ ಮಾಹಿತಿಯೊಂದಿಗೆ ಮುಂದಿನ ಭಾನುವಾರ ಮತ್ತೆ ಪ್ರಕಟಿಸಿ.

ಇತಿ,
ಸಿವಿಲ್ ಎಂಜಿನಿಯರುಗಳು ಮತ್ತು ಭೂಗೋಳ ಉಪನ್ಯಾಸಕರು,
ದಾವಣಗೆರೆ